ಮೊದಲ ಗರ

ಈ ಸಭೆಯ ಅಧ್ಯಕ್ಷರೂ, ನನ್ನ ಮಗನಿಗೆ ಹೆಣ್ಣು ಕೊಟ್ಟ ಬೀಗರೂ ಆದ ಕುಪ್ಪುಸ್ವಾಮಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ, ನನ್ನ ಮೊಮ್ಮಗಳ ಟೀಚರ್ ಕಲ್ಪನ ಅವರೇ, ವೇದಿಕೆಯ ಮೇಲೆ ಕುಳಿತು ಈಗಾಗಲೇ ನನ್ನನ್ನು ಗುರಾಯಿಸುತ್ತಿರುವ ನನ್ನ ಧರ್ಮಪತ್ನಿ ಮುನಿಲಕ್ಷ್ಮಿಯವರೇ, ಬಂಗಾರಪೇಟೆಯಿಂದ, ಕ್ಯಾಸಂಬಳ್ಳಿಯಿಂದ, ಈ ಆಂಡರ್ಸನ್‌ಪೇಟೆಯ ಬೀದಿಬೀದಿಗಳಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದಿರುವ ಸಭಿಕರೇ, ನೆಲದ ಮೇಲೆ ಕುಳಿತು ನನ್ನ ಭಾಷಣ ಮುಗಿಯುವುದನ್ನೇ ಕಾಯುತ್ತಿರುವ ಪುಟಾಣಿಗಳೇ,

ನಾನು ಜಯರಾಮಪ್ಪ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಬರುತ್ತಿದೆ, ರೈಲು ಹೊರಡುತ್ತಿದೆ ಎಂದು ಮೈಕಿನಲ್ಲಿ ಹೇಳಿ ಹೇಳಿಯೇ ನಿವೃತ್ತನಾದವನು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ. ಯಂತ್ರಕ್ಕೆ ಕೆಮ್ಮು ಬರುವುದಿಲ್ಲ, ಕಾಫಿ ಬೇಡ. ಹಾಗಾಗಿ ಮೈಕು ಕಂಡರೆ ನನ್ನ ಸ್ಥಿತಿ ಬೆಲ್ಲ ಕಂಡ ಇರುವೆಯಂತೆ. ಐದೇ ನಿಮಿಷ ಎಂದು ಬೀಗರು ಹೇಳಿದ್ದಾರೆ. ಹೆಣ್ಣು ಕೊಟ್ಟವರ ಮಾತನ್ನು ಮೀರುವುದುಂಟೇ? ಆದರೆ ಸಭಿಕರೇ, ತಡವಾಗುತ್ತಿದೆ, ಅಡಚಣೆಗಾಗಿ ವಿಷಾದಿಸುತ್ತೇವೆ ಎಂದು ಹೇಳುವುದರಲ್ಲಿ ನನಗಿಂತ ಅನುಭವಸ್ಥರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ?

ಇಂದು ನಮ್ಮ ಮೊದಲನೆಯ ಮನೆಯಾಟಗಳ ದಿನ. ದೀಪ ಹಚ್ಚಿ ಉದ್ಘಾಟನೆ ಮಾಡುವುದನ್ನು ಎಲ್ಲರೂ ಮಾಡುತ್ತಾರೆ, ನಾವು ಕವಡೆ ಹಾಕಿ ಮಾಡೋಣ ಎಂದವರು ಕುಪ್ಪುಸ್ವಾಮಿಯವರು. ಇಗೋ, ಇಲ್ಲಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಿದೆ. ನನ್ನ ಮಾತು ಮುಗಿದ ಕೂಡಲೇ ಮುನಿಲಕ್ಷ್ಮಿಯವರು ಮೊದಲ ಗರ ಹಾಕುತ್ತಾರೆ. ಗರ ಎಂದರೆ ಗೊತ್ತಲ್ಲ, ಪುಟಾಣಿಗಳೇ? ಕವಡೆ ಎಸೆದಾಗ ಬೀಳುವ ಎಣಿಕೆ. ಆ ಗರ ಬಿದ್ದ ಮೇಲೆಯೇ ಇಡೀ ಸಭಾಂಗಣದಲ್ಲಿ ಆಟ ಶುರು. ಅವರು ಹಾಕುತ್ತಾರೆ. ಹಾಕಿಯೇ ಹಾಕುತ್ತಾರೆ. ಅದರಲ್ಲಿ ನನಗೇನೂ ಅನುಮಾನವಿಲ್ಲ, ಒಂದಿಷ್ಟೂ ಇಲ್ಲ.

ಅದಕ್ಕೆ ಮೊದಲು ಈ ಸಭಾಂಗಣವನ್ನು ಒಮ್ಮೆ ಕಣ್ಣು ತುಂಬ ನೋಡೋಣ. ಅಲ್ಲಿ ಕಿಟಕಿಯ ಹತ್ತಿರ ಹಳೆಯ ಕ್ಯಾಲೆಂಡರಿನ ಹಾಳೆಗಳಲ್ಲಿ ಗಾಳಿಪಟ ಅಂಟಿಸುತ್ತಿದ್ದಾರೆ. ಅಂಟು ಯಾವುದು? ಬೆಳಿಗ್ಗೆಯ ಅನ್ನ. ಆ ಮೂಲೆಯಲ್ಲಿ ತೆಂಗಿನ ಗರಿಯಲ್ಲಿ ಪೀಪಿ, ಗಿಳಿ, ಕೈಗಡಿಯಾರ. ಗಡಿಯಾರ ಕಟ್ಟಿಕೊಂಡಿರುವ ಆ ತಂದೆಯನ್ನು ನೋಡಿ, ಸಮಯ ಕೇಳಿದರೆ ಹೇಳುವಷ್ಟು ಗಂಭೀರವಾಗಿದ್ದಾರೆ. ಇಲ್ಲಿ ಬೆಂಕಿಪೊಟ್ಟಣದ ರೈಲು ಮಾಡಿದ್ದಾರೆ. ಅದಕ್ಕೆ ಗಾರ್ಡಿನ ಡಬ್ಬಿ ಇಲ್ಲ, ಮಕ್ಕಳೇ, ಆಮೇಲೆ ನನ್ನನ್ನು ಬಂದು ಕಾಣಿ. ಮನೆಯಲ್ಲಿ ಬಿಸಾಡುವ ವಸ್ತುಗಳಿಂದ ಇಷ್ಟು ಸಂತೋಷ ಬರುತ್ತದೆ ಎಂದ ಮೇಲೆ, ನಾವು ಇಷ್ಟು ದಿನ ಸಂತೋಷವನ್ನೇ ಗುಡಿಸಿ ಹೊರಗೆ ಹಾಕುತ್ತಿದ್ದೆವು ಎಂದಾಯಿತಲ್ಲವೇ?

ಚೌಕಾಬಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ಈ ಒಂದು ಆಟಕ್ಕೆ ಮೂರು ಹೆಸರು. ನನಗೆ ಚೌಕಾಬಾರ. ಮುನಿಲಕ್ಷ್ಮಿಯ ತವರು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ಅವಳಿಗೆ ಅದು ಅಷ್ಟಾಚಮ್ಮ. ನನ್ನ ಸೊಸೆ ಸೆಲ್ವಿ ಇದೇ ಆಂಡರ್ಸನ್‌ಪೇಟೆಯ ಹುಡುಗಿ, ಅವಳಿಗೆ ತಾಯಂ. ಹೆಸರು ಮೂರಾದ ಮೇಲೆ ಕಾನೂನೂ ಮೂರು. ಮೊದಲು ಒಂದು ಬೀಳದೆ ಕಾಯಿ ಇಳಿಸುವ ಹಾಗಿಲ್ಲ ಎಂದು ಸೆಲ್ವಿ. ಅದೆಲ್ಲ ನಿಮ್ಮಪ್ಪನ ಮನೇಲಿ ಎಂದು ಇವಳು. ನಾನು ನಡುವೆ ಬಾಯಿ ಹಾಕಿದರೆ ಮಾತ್ರ ಅತ್ತೆ ಸೊಸೆ ಒಂದಾಗಿ ನನ್ನ ಮೇಲೆ ಬೀಳುತ್ತಾರೆ. ಆದರೆ ಒಂದು ವಿಚಾರದಲ್ಲಿ ಮೂರು ಭಾಷೆಗೂ ಜಗಳವಿಲ್ಲ, ಗಮನಿಸಿದ್ದೀರಾ? ಕಾಯಿ ಸುತ್ತು ಬಂದು ನಡುಮನೆ ಸೇರಿದರೆ ನಾವು ಹಣ್ಣಾಯಿತು ಎನ್ನುತ್ತೇವೆ. ತೆಲುಗಿನವರು ಪಂಡು ಎನ್ನುತ್ತಾರೆ, ತಮಿಳಿನವರು ಪಳಂ ಎನ್ನುತ್ತಾರೆ. ಕಾಯಿ ಹಣ್ಣಾಗಬೇಕು ಎನ್ನುವುದಕ್ಕೆ ಯಾರ ತಕರಾರೂ ಇಲ್ಲ.

ಹೋದ ವರ್ಷದ ಹಿಂದಿನ ವರ್ಷ, ಸಂಕ್ರಾಂತಿ ಕಳೆದ ಮೇಲೆ, ಮುನಿಲಕ್ಷ್ಮಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುತ್ತಾ ಇದ್ದವಳು ಪಕ್ಕಕ್ಕೆ ವಾಲಿದಳು. ನಮ್ಮ ಬೀದಿಯವರಿಗೆ ಗೊತ್ತು, ಅವಳ ರಂಗೋಲಿಯ ಎಳೆ ಹೇಗಿರುತ್ತಿತ್ತು ಎಂದು. ಹಾಲಿನವನು ಸೈಕಲ್ ಇಳಿದು, ಸುತ್ತು ಬಳಸಿ ಹೋಗುತ್ತಿದ್ದ. ಕಾಲು ಬೇಗ ಸರಿಯಾಯಿತು. ಬಲಗೈ ಮಾತ್ರ ಸುಮ್ಮನಾಗಿಬಿಟ್ಟಿತು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಸುಕಬೇಕಮ್ಮ ಎಂದರು. ಇವಳು, "ನಾನೇನ್ ಕೂಸಾ, ಚೆಂಡು ಇಡ್ಕೊಂಡ್ ಕುಂತ್ಕೊಳ್ಳಾಕೆ?" ಎಂದು ಅದನ್ನು ಮೊಮ್ಮಗಳು ನವ್ಯಳಿಗೆ ಕೊಟ್ಟಳು. ನವ್ಯ ಅದನ್ನು ಒಂದೇ ಸಂಜೆಯಲ್ಲಿ ಮೋರಿಗೆ ಸೇರಿಸಿದಳು.

ಕೈ ಹೋದದ್ದಕ್ಕಿಂತ ಮಾತು ಹೋದದ್ದು ಹೆಚ್ಚು. ಬಾಯಿಗೇನೂ ಆಗಿರಲಿಲ್ಲ, ಡಾಕ್ಟರೇ ಹೇಳಿದ್ದರು. ಆದರೂ ಬರಬರುತ್ತಾ ಮಾತಾಡುವುದನ್ನೇ ಬಿಟ್ಟಳು. ಊಟ ಎಂದರೆ ಹೂಂ, ಕಾಫಿ ಎಂದರೆ ಊಹೂಂ. ಮದುವೆಯಾದಾಗಿನಿಂದ, ಈ ಹೆಂಗಸು ಒಂದು ಗಳಿಗೆ ಬಾಯಿ ಮುಚ್ಚಿದರೆ ಸಾಕಪ್ಪ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ನಗಬೇಡಿ, ಗಂಡಸರೇ, ನೀವೂ ಅಂದುಕೊಂಡಿದ್ದೀರಿ. ಮುಚ್ಚಿದ ಮೇಲೆ ಆ ಮನೆಯಲ್ಲಿ ನನಗೆ ಇರಲಾಗಲಿಲ್ಲ. ಮಗ ಸುಧಾಕರ ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವುದು. ಸೊಸೆಗೆ ಟೈಲರಿಂಗ್ ಅಂಗಡಿ, ಮೊಮ್ಮಗಳಿಗೆ ಸ್ಕೂಲು. ನಾನು ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತು ಆ ಯಂತ್ರದ ಧ್ವನಿಯನ್ನು ಕೇಳಿಸಿಕೊಂಡು ಬರುತ್ತಿದ್ದೆ. ಯಾರದಾದರೂ ಒಂದು ಮಾತು ಕಿವಿಗೆ ಬೀಳಲಿ ಎಂದು.

ಆಗ ತೆಗೆದದ್ದು ಈ ಆಟ. ಕೆಂಪು ನೆಲದ ಮೇಲೆ ಮನೆ ಬರೆದೆ. ಅವಳಿಗೆ ಹಸಿರು ಬಳೆಚೂರು, ನನಗೆ ನನ್ನ ಹಳೆಯ ಯೂನಿಫಾರಮ್ಮಿನ ಗುಂಡಿಗಳು. ಅವಳು ಎಡಗೈಯಲ್ಲಿ ಒಲ್ಲದ ಮನಸ್ಸಿನಿಂದ ಕವಡೆ ಹಾಕುತ್ತಿದ್ದಳು. ನಾನೋ, ಏನೇ ಆಗಲಿ ಇವಳ ಕಾಯಿ ಕಡಿಯುವುದಿಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಪಾಪ, ಮೊದಲೇ ನೊಂದಿದ್ದಾಳೆ, ನಾನು ಬೇರೆ ಕಡಿಯಬೇಕೇ? ಆದರೆ ಆಟದ ಕಾನೂನೇನು? ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ನಾನು ಕಡಿಯುವುದಿಲ್ಲ, ಅವಳಿಗೆ ಕಡಿಯುವ ಉಮೇದಿಲ್ಲ. ನನ್ನ ಗುಂಡಿಯನ್ನು ಬೇಕೆಂದೇ ಅವಳ ಬಳೆಚೂರಿನ ಮುಂದೆ ತಂದು ನಿಲ್ಲಿಸಿದರೂ, ಅವಳು ಕಂಡೂ ಕಾಣದವಳಂತೆ ಬೇರೆ ಕಾಯಿ ನಡೆಸುತ್ತಿದ್ದಳು. ಹಾಗಾಗಿ ಇಬ್ಬರ ಕಾಯಿಗಳೂ ಹೊರಸುತ್ತಿನಲ್ಲೇ ಸುತ್ತಿದವು. ಇವತ್ತೂ ಸುತ್ತು, ನಾಳೆಯೂ ಸುತ್ತು. ನವ್ಯ ಸ್ಕೂಲಿನಿಂದ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿ, "ತಾತಾ, ನಿಮ್ಮಿಬ್ರ ಆಟ ಯಾವತ್ತು ಮುಗಿಯೋದು?" ಎಂದು ಕೇಳಿದಳು. ಪ್ರಪಂಚದಲ್ಲಿ ಯಾರೂ ಸೋಲದ, ಯಾರೂ ಗೆಲ್ಲದ ಚೌಕಾಬಾರವನ್ನು ಆಡಿದ ದಂಪತಿ ನಾವೇ ಇರಬೇಕು!

ಒಂದು ಭಾನುವಾರ ನಾನು ಹಾಲಿನ ಕ್ಯಾನು ಹಿಡಿದು ಹೊರಗೆ ಹೋದೆ. ನನ್ನ ಜಾಗದಲ್ಲಿ ಸೆಲ್ವಿ ಕೂತಳು. ವಾಪಸು ಬಂದು ಇನ್ನೂ ಹೊಸ್ತಿಲು ದಾಟಿಲ್ಲ, ಒಳಗಿನಿಂದ ಸೆಲ್ವಿಯ ಕೂಗು: "ವೆಟ್ಟು!"

ವೆಟ್ಟು ಎಂದರೆ ಕಡಿದೆ ಎಂದು. ಇಡೀ ಸುತ್ತು ಬಂದು ಇನ್ನೇನು ತನ್ನ ಮನೆಯ ಹತ್ತಿರಕ್ಕೆ ಸೇರಿದ್ದ ಬಳೆಚೂರನ್ನು ನನ್ನ ಸೊಸೆ ಎತ್ತಿ ಪಕ್ಕಕ್ಕಿಟ್ಟಿದ್ದಳು! ಎತ್ತಿಟ್ಟದ್ದಲ್ಲದೆ, ಕಡಿದವರಿಗೆ ಇನ್ನೊಂದು ಗರ ಉಂಟಲ್ಲ, ಅದಕ್ಕೆ ಕವಡೆ ಕುಲುಕುತ್ತಿದ್ದಳು. ಸುಧಾಕರ ಪೇಪರಿನಿಂದ ತಲೆಯೆತ್ತಿ, "ಏಯ್, ಅಮ್ಮಂದು ಬಿಟ್ಬಿಡೇ, ಪಾಪ" ಎಂದ. ಸೆಲ್ವಿ ಅವನ ಕಡೆ ನೋಡಲೂ ಇಲ್ಲ. "ಏನು ಪಾಪ? ಅತ್ತೆ ಆಟಕ್ಕೆ ಕೂತಿದ್ದಾರೆ ತಾನೇ? ಸಿಕ್ಕಿದ್ರೆ ಕಡಿಯೋದೇ. ಪಾಪ ಅನ್ನೋರ ಜೊತೆ ಆಡೋಕೆ ಅವ್ರೇನು ಮಗುವಾ?" ಎಂದಳು.

ಬೀಗರೇ, ಆ ಕ್ಷಣದಲ್ಲಿ ನಿಮ್ಮ ಮಗಳ ಮೇಲೆ ನನಗೆ ಎಂಥ ಸಿಟ್ಟು ಬಂತು ಎಂದರೆ, ಈಗ ನೀವು ಅಧ್ಯಕ್ಷರು, ಹೇಳುವುದಿಲ್ಲ.

ಮುನಿಲಕ್ಷ್ಮಿ ತನ್ನ ಬಳೆಚೂರನ್ನು ನೋಡಿದಳು. ಸೊಸೆಯನ್ನು ನೋಡಿದಳು. ಆಮೇಲೆ, ಎಷ್ಟೋ ತಿಂಗಳಿಂದ ಕಟ್ಟಿಹೋಗಿದ್ದ ಬಾಯಿ ಬಿಚ್ಚಿತು ನೋಡಿ. "ಏನೇ, ಮನೆ ಅತ್ರ ಬಂದ್ ಕಾಯ್ನ ಕಡಿದ್ಬುಟ್ಯಾ? ಅತ್ತೆ ಅನ್ನೋ ಭಯ ಬ್ಯಾಡ್ವಾ? ಎಂಥಾ ಕೊಬ್ಬೇ ನಿಂಗೆ! ಕೊಡೇ ಇಲ್ಲಿ ಕವಡೆ, ನಿನ್ ಒಂದ್ ಕಾಯೂ ಉಳಿಸಾಕಿಲ್ಲ, ತೋರುಸ್ತೀನಿ ನಿಂಗೆ!" ಎಂದು ಸೊಸೆಯ ಅಂಗೈಯಿಂದ ಕವಡೆ ಕಿತ್ತುಕೊಂಡಳು. ಯಾವ ಕೈಯಿಂದ? ಬಲಗೈಯಿಂದ. ಅವಳಿಗೇ ಗೊತ್ತಿಲ್ಲ. ಬೆರಳು ಮಡಿಸಲು ಬಾರದೆ ಕವಡೆಗಳು ಚೆಲ್ಲಾಪಿಲ್ಲಿಯಾದವು. ಒಂದು ಮಂಚದ ಕೆಳಗೆ ಓಡಿತು.

ನಾನು ಹೊಸ್ತಿಲಲ್ಲಿ ಕ್ಯಾನು ಹಿಡಿದು ನಿಂತವನು ನಿಂತೇ ಇದ್ದೆ. ಸುಧಾಕರನ ಕಣ್ಣು ತುಂಬಿತ್ತು. ಸೆಲ್ವಿ ಮಾತ್ರ ಏನೂ ಆಗದವಳ ಹಾಗೆ ಮಂಚದ ಕೆಳಗೆ ಬಗ್ಗಿ, ಕವಡೆ ತೆಗೆದು, ಧೂಳು ಊದಿ, "ಗರ ನನ್ದು ಅತ್ತೆ, ಮಧ್ಯೆ ಕಿತ್ಕೊಂಡ್ರೆ ಕಳ್ಳಾಟ. ನಾನು ಹಾಕಿದ್ಮೇಲೆ ನೀವು ಹಾಕಿ" ಎಂದಳು. ತನ್ನ ಗರ ಹಾಕಿ ಮುಗಿಸಿ, ಕವಡೆಗಳನ್ನು ಅತ್ತೆಯ ಎಡಗೈಗೆ ಕೊಡಲಿಲ್ಲ. ಬಲಗೈ ಹತ್ತಿರ ನೆಲದ ಮೇಲೆ ಇಟ್ಟು, ಕಾದು ಕೂತಳು. ಅವಸರ ಮಾಡಲಿಲ್ಲ. ಹೇಳಿ, ಸಭಿಕರೇ, ಪ್ರೀತಿ ಎಂದರೆ ನಾನು ಮಾಡಿದ್ದೋ, ಅವಳು ಮಾಡಿದ್ದೋ?

ಅಂದಿನಿಂದ ನಮ್ಮ ಮನೆಯಲ್ಲಿ ದಿನವೂ ಯುದ್ಧ. ಅಕ್ಕಪಕ್ಕದವರು ಜಗಳ ಬಿಡಿಸಲು ಬಂದು ಆಟಕ್ಕೆ ಕೂತರು. ಕೂತವರು ತಮ್ಮ ತಮ್ಮ ಮನೆಯ ಆಟಗಳನ್ನು ತಂದರು. ಕಲ್ಪನ ಟೀಚರ್ ಬಂದು, ಮಕ್ಕಳು ಇಲ್ಲಿ ಕೂಡುವುದು ಕಳೆಯುವುದು ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದರು. ಕೂಡುವುದು ಕಳೆಯುವುದರ ಜೊತೆಗೆ ಮುನಿಲಕ್ಷ್ಮಿಯ ಹತ್ತಿರ ಬೈಗುಳವನ್ನೂ ಕಲಿತಿದ್ದಾರೆ, ಅದನ್ನು ಅವರು ದೊಡ್ಡ ಮನಸ್ಸಿನಿಂದ ಹೇಳಲಿಲ್ಲ. ಹೀಗೆ ಹಬ್ಬಿ ಹಬ್ಬಿ, ಇಂದು ಈ ಸಭಾಂಗಣ ತುಂಬಿದೆ.

ನೀರು ಕುಡಿಯುತ್ತೇನೆ, ಕ್ಷಮಿಸಿ.

ಯಾರೋ ಚೀಟಿ ಕಳಿಸಿದ್ದಾರೆ. ‘ಬೇಗ ಮುಗಿಸಿ’ ಎಂದು. ಮುಗಿಸುತ್ತೇನೆ, ಮುಗಿಸುತ್ತೇನೆ. ಆದರೆ ಗಾಳಿಪಟದ ಬಾಲದ ವಿಷಯ ಒಂದು ಹೇಳಲೇಬೇಕು. ಬಾಲ ಉದ್ದವಿದ್ದಷ್ಟೂ... ಬೇಡವೇ? ಸರಿ, ಬೇಡ.

ನಿಜ ಹೇಳಿಬಿಡಲೇ? ನನಗೆ ಮುಗಿಸಲು ಧೈರ್ಯ ಬರುತ್ತಿಲ್ಲ. ಮನೆಯಲ್ಲಿ ಇವಳು ಬಲಗೈಯಿಂದಲೇ ಆಡುತ್ತಾಳೆ, ನಮ್ಮನ್ನೆಲ್ಲ ಸೋಲಿಸುತ್ತಾಳೆ. ಹೊರಗೆ ಮಾತ್ರ ಆ ಕೈ ಸೆರಗಿನಿಂದ ಈಚೆಗೆ ಬರುವುದಿಲ್ಲ. ಕಾಯಿಲೆ ಬಿದ್ದ ಹೊಸದರಲ್ಲಿ ಕ್ಯಾಸಂಬಳ್ಳಿಯ ಕಡೆ ಒಂದು ಮದುವೆಗೆ ಹೋಗಿದ್ದೆವು. ತಾಂಬೂಲ ಕೊಡುವಾಗ ಇವಳು ಎಡಗೈ ಚಾಚಿದಳು. ಕೊಡುವಾಕೆ ಕೈ ಹಿಂದಕ್ಕೆ ಎಳೆದುಕೊಂಡರು. ಎಡಗೈಗೆ ಯಾರು ಕೊಡುತ್ತಾರೆ, ಅವರ ತಪ್ಪೇನಲ್ಲ. ಇವಳು ಕಷ್ಟಪಟ್ಟು ಬಲಗೈ ಚಾಚಿದಳು. ತೆಂಗಿನಕಾಯಿ ಜಾರಿ ಬಿದ್ದು ಉರುಳಿತು. ಸುತ್ತಲಿದ್ದವರೆಲ್ಲ ಒಂದೇ ಬಾಯಿಯಲ್ಲಿ, ಅಯ್ಯೋ ಪಾಪ ಎಂದರು. ಅಂದಿನಿಂದ ನಮ್ಮ ಮನೆಯ ಹೊಸ್ತಿಲಾಚೆ ಆ ಕೈಯನ್ನು ಯಾರೂ ನೋಡಿಲ್ಲ. ಇವತ್ತು ಆಟೋದಲ್ಲಿ ಬರುವಾಗಲೂ ಸೆರಗಿನೊಳಗೇ ಇತ್ತು. ಇಷ್ಟು ಜನರ ಮುಂದೆ ಕವಡೆ ಹಾಕು ಎಂದು ನಾನೇ ಒಪ್ಪಿಸಿದೆ. ರಾತ್ರಿಯೆಲ್ಲ ನಿದ್ದೆಯಿಲ್ಲ. ಹಾಕಲಾಗದಿದ್ದರೆ? ಮತ್ತೆ ಬಾಯಿ ಕಟ್ಟಿಕೊಂಡುಬಿಟ್ಟರೆ? ಅದಕ್ಕೇ ಮಾತು ಎಳೆಯುತ್ತಿದ್ದೇನೆ. ಛೆ, ಇದನ್ನು ಮೈಕಿನಲ್ಲಿ ಹೇಳಬಾರದಿತ್ತು. ನೋಡಿ, ಅವಳು ಹೇಗೆ ನೋಡುತ್ತಿದ್ದಾಳೆ! ಇವತ್ತು ಮನೆಯಲ್ಲಿ ನನಗೆ ಊಟವಿಲ್ಲ.

ಇರಿ, ಇರಿ. ಏನೋ ಸನ್ನೆ ಮಾಡುತ್ತಿದ್ದಾಳೆ. ಸಾಕು, ಬಂದು ಕುಂತ್ಕೊಳ್ರಿ ಎನ್ನುವ ಸನ್ನೆ. ಮದುವೆಯಾದಾಗಿನಿಂದ ನೋಡಿದ ಸನ್ನೆ, ನನಗೆ ಗೊತ್ತಾಗದೇ?

ಸೆಲ್ವಿ, ನೋಡಿದೆಯೇನಮ್ಮ? ಯಾವ ಕೈಯಲ್ಲಿ ಮಾಡುತ್ತಿದ್ದಾಳೆ ನೋಡಿದೆಯಾ? ಕೈ ಇನ್ನೂ ಒಳಗೆ ಹೋಗಿಲ್ಲ. ಚಾಚಿಕೊಂಡೇ ಇದ್ದಾಳೆ, ಅಂಗೈ ಬಿಡಿಸಿ. ಏನು ಕೇಳುತ್ತಿದ್ದಾಳೆ? ಓ, ಕವಡೆ! ಸಭಿಕರೇ, ಕವಡೆಗಳು ನನ್ನ ಜೇಬಿನಲ್ಲೇ ಇವೆ. ಇಷ್ಟು ಹೊತ್ತೂ ನಾನೇ ಇಟ್ಟುಕೊಂಡಿದ್ದೇನೆ. ತಗೋ, ಬಂದೆ, ಬಂದೆ.

ನನ್ನ ಮಾತನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ತಮಗೆಲ್ಲರಿಗೂ ಹೃದಯ ತುಂಬಿದ ವಂದನೆಗಳು. ಒಂದೇ ವಿನಂತಿ. ಏನು ಗರ ಬಿದ್ದರೂ ಯಾರೂ ಪಾಪ ಎನ್ನಬೇಡಿ. ಅವಳ ಎದುರಿಗೆ ಬಂದು ಕೂತುಕೊಳ್ಳಿ, ಕಾಯಿ ಸಿಕ್ಕರೆ ಕಡಿಯಿರಿ. ನಮಸ್ಕಾರ.