ತಮ್ಮನ ಹಾಜರಿ

ಹಲೋ... ಯಾರು ಮಾತಾಡೋದು? ಹಾಂ? ಸ್ವಲ್ಪ ಜೋರಾಗಿ ಹೇಳಿ, ಹೊರಗೆ ಹೊಲಿಗೆ ಮಿಷನ್ ಸದ್ದು... ಮಗಳ ಶಾಲೆ ಮಿಸ್ಸಾ? ಅಯ್ಯೋ, ನಮಸ್ಕಾರ ಮಿಸ್! ಗಾರ್ಮೆಂಟ್ಸ್ ಟಾಯ್ಲೆಟ್ಟಲ್ಲಿದೀನಿ, ಏನೂ ಅಂದ್ಕೋಬೇಡಿ. ಇಲ್ಲಿ ಫೋನ್ ಎತ್ತೋಕೆ ಇದೊಂದೇ ಜಾಗ...

ಹೌದು, ಮನೇಲೇ ಇದಾಳೆ. ಹುಷಾರಾಗೇ ಇದಾಳೆ. ನೀವೇ ಅಲ್ವಾ ವಾಪಸ್ ಕಳಿಸಿದ್ದು, ತಮ್ಮನ್ನ ಸೊಂಟದ ಮೇಲೆ ಹೊತ್ಕೊಂಡು ಬಂದಳು ಅಂತ?...

ಏನ್ ಮಾಡಿದ ಅವನು?... ಹಾಜರಿ ಕೂಗಿದಾಗ?... ಎಲ್ಲರ ಹೆಸರಿಗೂ ‘ಎಸ್ ಮಿಸ್’ ಅಂದನಾ? ಅಯ್ಯೋ ನನ್ನ ಡುಮ್ಮ!... ಇಲ್ಲ ಮಿಸ್, ನಗ್ತಿಲ್ಲ, ಕೆಮ್ಮು. ಬರದೇ ಇದ್ದ ಮಕ್ಕಳಿಗೂ ಹಾಜರಿ ಬಿತ್ತಾ? ಒಳ್ಳೇದೇ ಆಯ್ತಲ್ಲ, ಶಾಲೆ ತುಂಬಿ ತುಳುಕ್ತು! ಎರಡು ವರ್ಷದ ಕೂಸು, ಅವನಿಗೆ ಬರೋದೇ ಅದೊಂದು ಮಾತು. ಅಕ್ಕ ಮನೇಲಿ ಟೀಚರ್ ಆಟ ಆಡಿ ಕಲಿಸಿದಾಳೆ...

ಏನಂದ್ರಿ?... ನಾಳೆನೂ ಬರದಿದ್ರೆ ಹೆಸರು ತೆಗೀತಾರಾ? ಬೇಡ ಮಿಸ್, ಕೈ ಮುಗೀತೀನಿ. ಒಂದ್ಸಲ ಹೆಸರು ಹೋದ್ರೆ ಅವಳು ಮತ್ತೆ ಆ ಗೇಟು ದಾಟಲ್ಲ. ನನಗೆ ಭಯ ಆಗುತ್ತೆ...

ಅವನನ್ನ ಯಾರ ಹತ್ರ ಬಿಡ್ಲಿ?... ಅವರಪ್ಪನಾ? ಲಾರಿ ಹತ್ತಿದ್ರೆ ಮುಖ ತೋರಿಸೋದೇ ಅಪರೂಪ... ಅಜ್ಜಿಗೆ ಕಣ್ಣು ಕಾಣಲ್ಲ ಮಿಸ್. ಡುಮ್ಮ ಅಂದ್ಕೊಂಡು ದಿಂಬನ್ನ ತಟ್ಟಿ ಮಲಗಿಸ್ತಾರೆ...

ಹಾಂ, ಫ್ಯಾಕ್ಟರೀಲಿ ಕೂಸಿನ ಕೋಣೆ ಇದೆ, ಇಲ್ಲ ಅನ್ನಲ್ಲ. ತೊಟ್ಟಿಲಿದೆ, ಗೋಡೆ ಮೇಲೆ ಮೊಲದ ಚಿತ್ರ ಇದೆ. ತನಿಖೆಗೆ ದೊಡ್ಡೋರು ಬಂದ ದಿನ ಬೀಗ ತೆಗೀತಾರೆ. ಮಿಕ್ಕ ದಿನ ಮೊಲ ಒಂದೇ ಆಡ್ಕೊಂಡಿರುತ್ತೆ... ಬೀಗದ ಕೈಯಾ? ಸೂಪರ್‌ವೈಸರ್ ಜೇಬಲ್ಲಿ... ಅವನನ್ನ ಕೇಳೋದಾ? ಮಿಸ್, ಅವನು ನನ್ನ ಒಡಹುಟ್ಟಿದ ತಮ್ಮ! ಅವನನ್ನ ಎತ್ಕೊಂಡು ತಿರುಗೋಕೇ ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದು. ಅವನು ಓದಿ ದೊಡ್ಡ ಮನುಷ್ಯ ಆದ. ಈಗ ನಾನು ಟಾಯ್ಲೆಟ್ಟಿಗೆ ಬಂದ್ರೆ ಗಡಿಯಾರ ನೋಡ್ತಾನೆ. ಇಲ್ಲಿ ಸಾರ್ ಅನ್ಬೇಕಂತೆ ಅವನನ್ನ...

ತಡೀರಿ, ಬಾಗಿಲು ಬಡೀತಿದಾನೆ... ಬಂದೆ ಸಾರ್!... ಎಂಥ ಸಾರ್, ನನ್ನ ತಲೆ! ತಗೋ, ಬಾಗಿಲು ತೆಗೆದೆ. ಏ ತಮ್ಮಾ, ಇಲ್ಲಿ ಕೇಳು. ನಾಳೆ ಆ ಕೋಣೆ ಬೀಗ ತೆಗೀಬೇಕು, ನಿನ್ನ ಅಳಿಯ ಬರ್ತಾನೆ... ಮೇಲಿನೋರು ಬೈತಾರಾ? ಬೈಸ್ಕೋ. ನಿನ್ನ ಮೂಗು ಒರೆಸೋದ್ರಲ್ಲಿ ನನ್ನ ಶಾಲೆ ಹೋಯ್ತು ಕಣೋ. ನನ್ನ ಮಗಳದ್ದು ಹೋಗೋಕೆ ನಾನು ಬಿಡಲ್ಲ...

ಹಾಂ ಮಿಸ್, ಇದೀನಿ... ಏನಂದನಾ? ತಲೆ ತಗ್ಗಿಸ್ಕೊಂಡು ಜೇಬು ತಡಕ್ತಿದಾನೆ... ಅವಳ ಹೆಸರು ಇರ್ಲಿ ಮಿಸ್, ನಾಳೆ ಅವಳೊಬ್ಬಳೇ ಬರ್ತಾಳೆ... ಹಲೋ? ಮಿಸ್? ಹಲೋ...