ಬಿರುಗಾಳಿಯ ಬೂಟು

ಡ್ರೈಕ್ಲೀನಿಂಗ್ ಅಂಗಡಿಯ ಮುಂದೆ ಮಳೆನೀರು ಮೆಟ್ಟಿಲ ಮಟ್ಟಕ್ಕೆ ಏರಿದ್ದರಿಂದ ಆ ಸಂಜೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಪ್ಲಾಸ್ಟಿಕ್ ಹೊದ್ದು ಸಾಲಾಗಿ ನೇತಾಡುವ ಕೋಟುಗಳ ಕೆಳಗೆ, ಹಬೆ ಮತ್ತು ಸೋಪಿನ ವಾಸನೆಯ ನಡುವೆ, ಕೆಲಸದವರು ಗಿರಾಕಿಗಳು ಎನ್ನದೆ ಎಲ್ಲರೂ ಸ್ಟೂಲು, ಬಟ್ಟೆಗಂಟು, ಸಿಕ್ಕಿದ್ದರ ಮೇಲೆ ಕೂತಿದ್ದರು. ನಿಂತಿದ್ದವಳು ಅಂಗಡಿಯವರ ಸೊಸೆಯೊಬ್ಬಳೇ. ಮುಂದಿನ ವಾರ ಅವಳು ಗೆಳತಿಯರ ಜೊತೆ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟದ ಮೇಲಿನ ಸರೋವರಗಳಿಗೆ ಹೊರಟಿದ್ದಳು. ಕೌಂಟರ್ ಮೇಲೆ ನಕಾಶೆ ಹರಡಿ ಎಲ್ಲರಿಗೂ ದಾರಿ ತೋರಿಸುತ್ತಿದ್ದಳು.

ಅಂಗಡಿಯ ಯಜಮಾನಿ, ಅಂದರೆ ಅವಳ ಅತ್ತೆ, ಆ ನಕಾಶೆ ಕಂಡದ್ದೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು. ಅತ್ತೆಯ ಅಕ್ಕ ಊರಿಗೆಲ್ಲ ದೊಡ್ಡಮ್ಮ. ಅವರು ಅದನ್ನು ನೋಡಿ ಕಿಸಕ್ಕನೆ ನಕ್ಕರು.

"ನೀನು ಆ ಕಡೆ ತಿರುಗಿದ್ರೆ ಕತೆ ನಿಂತ್ಹೋಗುತ್ತೇನೇ? ಬನ್ರಪ್ಪ, ಹತ್ರ ಬನ್ನಿ, ಹೇಗೂ ಮಳೆ ಬಿಡೋ ಹಾಗಿಲ್ಲ... ನೋಡಮ್ಮ, ಈ ನಿಮ್ಮತ್ತೆ ಇದಾಳಲ್ಲ, ಇವಳನ್ನ ಆಗ ನಾವೆಲ್ಲ 'ಸೋಫಾ' ಅಂತಿದ್ವಿ. ಯಾಕೆ ಅಂತೀಯಾ? ಎಲ್ಲಿಗೆ ಹೋದ್ರೂ ಮೊದಲು ಕೂರೋಕೆ ಜಾಗ ಹುಡುಕೋಳು. ಬಸ್ ಸ್ಟಾಪಲ್ಲಿ ಬೆಂಚಿಲ್ಲ ಅಂತ ಒಂದು ಕೆಲಸಾನೇ ಬಿಟ್ಟ ಮಹಾತಾಯಿ! ಆಗ ಈ ಅಂಗಡೀಲಿ ನಮ್ಮ ಗೆಳತಿ ಒಬ್ಬಳಿದ್ಳು, ಕೋಟು ಪ್ಯಾಂಟಿನ ಇಸ್ತ್ರಿಯೆಲ್ಲ ಅವಳ ಕೈಲೇ. ಬಿರುಗಾಳಿ ಅಂತ ಕರೀತಿದ್ವಿ. ಅವಳು ಆ ಕಡೆಯಿಂದ ಈ ಕಡೆ ನಡೆದ್ರೆ ನೇತುಹಾಕಿದ ಬಟ್ಟೆಗಳೆಲ್ಲ ಓಲಾಡ್ತಿದ್ವು. ಬೆಟ್ಟದ ಮೇಲೆ ಮೂರು ಸರೋವರ ಇದೆ ಕಣ್ರೇ, ಹಿಮ ಕರಗಿದ ನೀರು ಕಣ್ರೇ, ಮೂರನ್ನೂ ನೋಡ್ಬೇಕು, ಕೊನೇದ್ರಲ್ಲಿ ಈಜ್ಬೇಕು ಅಂತ ವರ್ಷಾನುಗಟ್ಟಲೆ ನಮ್ಮ ಪ್ರಾಣ ತಿಂದು, ಕೊನೆಗೂ ಒಂದು ಬೇಸಿಗೇಲಿ ನಮ್ಮನ್ನ ಒಪ್ಪಿಸಿ, ಟೆಂಟ್ ತಂದು, ಹೊಸ ಬೂಟು ತಂದು... ತಂದ ವಾರಕ್ಕೇ ಜ್ವರ ಬಂತು. ಹೋಗೇಬಿಟ್ಳು."

ದೊಡ್ಡಮ್ಮ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು.

"ನಾವು ಅತ್ತಿದ್ದು ಅಷ್ಟಿಷ್ಟಲ್ಲ. ಪ್ರವಾಸವೂ ಬೇಡ, ಏನೂ ಬೇಡ ಅಂತಿದ್ವಿ. ಅವಳ ಗಂಡಾನೇ ಬಂದು, 'ನೀವು ಹೋಗ್ದಿದ್ರೆ ಅವಳು ನನ್ನ ಬಿಡಲ್ಲ' ಅಂತ ಬೂಟು ತಂದು ಕೌಂಟರ್ ಮೇಲಿಟ್ರು. ಯಾರ ಕಾಲಿಗೆ ಸರಿಹೋಯ್ತು ಹೇಳಿ? ಸೋಫಾ ಕಾಲಿಗೆ!"

"ಬಿಟ್ಟಿ ಸಿಕ್ತು, ಹಾಕ್ಕೊಂಡೆ," ಎಂದು ಗೋಡೆಯ ಕಡೆಯಿಂದ ದನಿ ಬಂತು.

"ಹಾಕ್ಕೊಂಡ್ಳು. ನಾನು, ಇವಳು, ಆಗಿನ ಕ್ಯಾಶಿಯರಮ್ಮ, ಮೂರೇ ಜನ ಬೆಟ್ಟ ಹತ್ತೋಕೆ ಶುರುಮಾಡಿದ್ವಿ. ಮೊದಲನೇ ತಿರುವಿಗೇ ಇವಳು ಕೂರೋಕೆ ಬಂಡೆ ನೋಡಿದ್ಳು. ಕೂತ್ಳಾ? ಎಲ್ಲಿಂದ ಕೂರ್ತಾಳೆ! ಸೊಂಟ ಬಗ್ಗಿದೆ, ಕೈ ಬಂಡೆ ಮೇಲಿದೆ, ಕಾಲು ಮಾತ್ರ ಸರಸರ ಅಂತ ಏರು ಹತ್ತುತ್ತಿದೆ! 'ನಾನಲ್ಲ ಕಣ್ರೇ, ಕಾಲು! ಕಾಲು ಕಣ್ರೇ!' ಅಂತ ಕೂಗ್ತಾ ಹೋದ್ಳು. ಕ್ಯಾಶಿಯರಮ್ಮನಿಗೆ ಹೊಟ್ಟೆ ಉರೀತು, ಇವಳು ಗುಟ್ಟಾಗಿ ಜಿಮ್‌ಗೆ ಹೋಗಿರ್ಬೇಕು ಅಂತ. ಮೊದಲನೇ ಸರೋವರವನ್ನ ಒಂದು ಸುತ್ತು ಹಾಕಿದ್ಮೇಲೇ ಆ ಕಾಲು ನಿಂತದ್ದು. ಬೂಟು ಬಿಚ್ಚೋಣ ಅಂದ್ರೆ ಲೇಸಿನ ಗಂಟು ಕಲ್ಲಾಗಿತ್ತು. ಹಾಕ್ಕೊಂಡೇ ಮಲಗಿದ್ಳು.

ಮಾರನೇ ದಿನ ಎರಡನೇ ಸರೋವರ. ಬಿಸಿಲು, ಆಕಾಶ ಎಲ್ಲ ನೀರಲ್ಲೇ ಬಿದ್ದಿದೆ... ನಾವಿಬ್ಬರು ಏದುಸಿರು ಬಿಡ್ತಾ ಬಂದ್ರೆ ಇವಳು ದಂಡೆ ಮೇಲೆ ನಿಂತಿದಾಳೆ, ಎಡಗಾಲಿನ ತುದಿ ಟಪ್, ಟಪ್ ಅಂತ ನೆಲ ಕುಟ್ತಿದೆ. ನಾನೂ ಕ್ಯಾಶಿಯರಮ್ಮನೂ ಮುಖ ಮುಖ ನೋಡ್ಕೊಂಡ್ವಿ. ನಾವು ಕೆಲಸಕ್ಕೆ ತಡವಾಗಿ ಬಂದ್ರೆ ಈ ಬಾಗಿಲಲ್ಲಿ ನಿಂತು ಹಾಗೆ ನೆಲ ಕುಟ್ತಿದ್ದೋಳು ಲೋಕದಲ್ಲಿ ಒಬ್ಬಳೇ.

ಇವಳು ಸುಣ್ಣದ ಹಾಗೆ ಬಿಳಿಚಿಕೊಂಡು, ಬಗ್ಗಿ ಬೂಟನ್ನೇ ಕೇಳಿದ್ಳು, 'ನೀನೇನೇ?'

ಟಪ್.

ಕ್ಯಾಶಿಯರಮ್ಮ ಅಲ್ಲೇ ಕುಕ್ಕರಿಸಿ ಅತ್ತು, ಮೂಗು ಒರೆಸ್ಕೊಂಡು, ಅಂಗಡಿ ಸುದ್ದಿ ಪೂರ್ತಿ ಬೂಟಿಗೆ ಒಪ್ಪಿಸಿದ್ಳು. ಯಾರ ಮದುವೆ ಆಯ್ತು, ಯಾರು ಯಾರ ಕೋಟು ಸುಟ್ರು... 'ಹರಟೆ ಆಮೇಲೆ ಹೊಡೀರೇ, ಮೊದಲು ನನ್ನ ಬಿಡಿಸಿ!' ಅಂತ ಇವಳ ಗೋಳು. ನನಗೆ ಹೆದರಿಕೆ ಆಯ್ತಾ ಅಂತ ಕೇಳು. ಇಲ್ಲಮ್ಮ. ಖುಷಿ ಆಯ್ತು. ಹೆದರಿಕೆ ಆದದ್ದು ಮೂರನೇ ಸರೋವರದಲ್ಲಿ.

ಅಲ್ಲಿ ನೀರಲ್ಲಿ ಇನ್ನೂ ಮಂಜುಗಡ್ಡೆ ತೇಲ್ತಿತ್ತು. ಬೂಟು ದಂಡೇಲಿ ನಿಲ್ಲಲಿಲ್ಲ. ನೆಟ್ಟಗೆ ಒಳಗೆ ಹೋಯ್ತು. ಪಾದ, ಮೊಣಕಾಲು, ಸೊಂಟ... ಇವಳಿಗೋ ಬಕೆಟ್ಟಿನ ನೀರು ಕಂಡ್ರೂ ಭಯ, ಈಜಂತೂ ಸೊನ್ನೆ. ಆ ಕಡೆ ಈ ಕಡೆ ಚೀಲ ಹಿಡಿದು ಎಳೆದ್ರೆ ನಮ್ಮಿಬ್ಬರನ್ನೂ ಸೇರಿಸಿ ಎಳ್ಕೊಂಡು ಹೋಗ್ತಿದೆ! 'ಬೇಡ್ವೇ, ಮನೇಲಿ ಇವಳ ಮಗು ಇದೆ ಕಣೇ' ಅಂತ ಬೇಡ್ಕೊಂಡೆ. ನಿನ್ನ ಗಂಡಾನೇ ಆ ಮಗು, ಆಗಿನ್ನೂ ಅಂಬೆಗಾಲು. ಬಿರುಗಾಳಿ ಯಾವತ್ತು ಯಾರ ಮಾತು ಕೇಳಿದ್ಳು? ನೀರು ಇವಳ ಕುತ್ತಿಗೆಗೆ ಬಂತು. ಆಗ ಅದ್ಹೇಗೆ ಹೊಳೀತೋ, ಗಂಟಲು ಹರಿಯೋ ಹಾಗೆ ಕಿರುಚಿದೆ, 'ಇಸ್ತ್ರಿಪೆಟ್ಟಿಗೆ ಆಫ್ ಮಾಡಿದ್ಯೇನೇ?'

ಬಿರುಗಾಳಿಗೆ ಜೀವನದಲ್ಲಿ ಅದೊಂದೇ ಭಯ ಕಣಮ್ಮ. ಮನೆ ಬಾಗಿಲು ಮುಟ್ಟಿದ್ರೂ ಅನುಮಾನ ಬಂದ್ರೆ ಅಂಗಡಿಗೆ ವಾಪಸ್ ಓಡೋಳು.

ಬೂಟು ಗಕ್ಕನೆ ನಿಂತಿತು. ತಿರುಗಿತು. ಆಮೇಲೆ ಓಡಿತು ನೋಡು! ಇವಳು ಬಾಯಿ ತೆಗೆದದ್ದು ಮೇಲಿನ ಸರೋವರದಲ್ಲಿ, ಮುಚ್ಚಿದ್ದು ಬೆಟ್ಟದ ಬುಡದ ಬಸ್ ಸ್ಟ್ಯಾಂಡಲ್ಲಿ. ಬಸ್ಸಲ್ಲಿ ಸೀಟು ಖಾಲಿ ಇದ್ರೂ ನಿಂತೇ ಬಂದ್ಳಂತೆ, ನಿಂತಲ್ಲೇ ಕವಾಯತು ಮಾಡ್ಕೊಂಡು! ನಾವು ಮುಂದಿನ ಬಸ್ಸಲ್ಲಿ ಬಂದು ನೋಡಿದ್ರೆ, ಇಗೋ, ಈ ನೆಲದ ಮೇಲೆ ಬರಿಗಾಲಲ್ಲಿ ಕೂತಿದಾಳೆ. ಲೇಸು ತಾನಾಗೇ ಬಿಚ್ಕೊಂಡಿತ್ತಂತೆ. ಇಸ್ತ್ರಿಪೆಟ್ಟಿಗೆ ಆಫಾಗೇ ಇತ್ತು. ಬೂಟು ಮಾತ್ರ ಆ ಇಸ್ತ್ರಿ ಮೇಜಿನ ಹಿಂದೆ, ಬಿರುಗಾಳಿ ನಿಂತು ಕೆಲಸ ಮಾಡ್ತಿದ್ದ ಜಾಗದಲ್ಲಿ, ನೀಟಾಗಿ ನಿಂತಿತ್ತು... ನಮ್ಮನ್ನೇ ನೋಡ್ತಾ."

ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೊಸೆ ಕಣ್ಣೊರೆಸಿಕೊಂಡು ಕೇಳಿದಳು, "ಆ ಬೂಟು ಈಗ ಎಲ್ಲಿದೆ, ದೊಡ್ಡಮ್ಮ?"

"ಮೇಲೆ, ಅಟ್ಟದಲ್ಲಿ. ಗಂಡ ವಾಪಸ್ ತಗೊಳ್ಳಲಿಲ್ಲ, ನಮಗೆ ಎಸೆಯೋಕೆ ಧೈರ್ಯ ಬರಲಿಲ್ಲ. ಚಳಿಗಾಲ ಎಲ್ಲ ಇಟ್ಟ ಕಡೆ ಇರುತ್ತೆ. ಬೇಸಿಗೆ ಬಂತು ಅಂದ್ರೆ ಬೆಳಗ್ಗೆ ಬೀಗ ತೆಗೆದಾಗ ಬಾಗಿಲ ಹತ್ರ ಬಂದು ನಿಂತಿರುತ್ತೆ, ಮುಖ ರಸ್ತೆ ಕಡೆಗೆ... ಒಬ್ಬಳೇ ಹೋಗ್ಬಹುದಲ್ಲ ಅಂತೀಯಾ? ಹೋಗಲ್ಲಮ್ಮ. ಅವಳಿಗೆ ಜೊತೆ ಬೇಕು. ಇನ್ನೂ ಈಜಿಲ್ಲ ನೋಡು ಪಾಪ, ನಾನು ಸುಳ್ಳು ಹೇಳಿ ಕರ್ಕೊಂಡು ಬಂದೆ." ದೊಡ್ಡಮ್ಮ ಕೌಂಟರಿನ ಕೆಳಗೆ ಬಗ್ಗಿ ಸೊಸೆಯ ಚಪ್ಪಲಿಯನ್ನು ಒಮ್ಮೆ ನೋಡಿದರು. "ಅಂದ್ಹಾಗೆ, ನಿನ್ನ ಕಾಲಿನ ಅಳತೆ ಎಷ್ಟಮ್ಮ?"

ಸೊಸೆ ನಗುತ್ತಲೇ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಛಂಗನೆ ಎದ್ದು ಬಂದು ಅವಳ ಬಾಯಿಗೆ ಅಂಗೈ ಒತ್ತಿದರು.

"ಇಲ್ಲಿ ಹೇಳ್ಬೇಡ್ವೇ," ಎಂದರು, ಅಟ್ಟದ ಕಡೆ ನೋಡುತ್ತ.