ಗೋಡೆಯ ಮೇಲಿನ ತೊಟ್ಟಿಲು

ತುಂಬು ಬಸುರಿ ಸೊಸೆಯನ್ನು ನಾರಾಯಣಪೇಟೆಯ ದವಾಖಾನೆಗೆ ಕರೆದೊಯ್ಯಲು ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ತಿರುಪತಮ್ಮನ ಕಿವಿ ನೆಟ್ಟಗಾಯಿತು. ಹಿಂದಿನ ಬೆಂಚಿನಲ್ಲಿ ಚಿತ್ರಕಲೆ ಓದುವ ಹುಡುಗ, ಹುಡುಗಿ. ಕಾಲ ಬಳಿ ಬಣ್ಣದ ಡಬ್ಬಿಗಳು.

“ಉಮಾ, ಹೆರಿಗಿ ವಾರ್ಡಿನ ಗೋಡಿ ಮ್ಯಾಲ ಖಾಲಿ ತೊಟ್ಟಿಲಾ ಯಾಕ ಬರದಿ?”

“ಬರೋ ಕೂಸಿಗೆ ಕಾಯಾಕತ್ತೈತಿ ಅಂತ ಬರದೆ, ಗುರು.”

“ಖಾಲಿ ತೊಟ್ಟಿಲಾ ತೂಗಿದ್ರ ಕೂಸಿಗೆ ಕೇಡಂತ ನಿಮ್ಮವ್ವ ಹೇಳಿಲ್ಲೇನು? ನೀ ಬರದಿದ್ದು ತೂಗಾಕ ಹತ್ತಿದಂಗ ಕಾಣತೈತಿ!”

“ಸೇವಾ ಮಾಡೋ ಹುರುಪಿನ್ಯಾಗ ಮರ್ತೆ. ನಿನ್ನೆ ಒಬ್ಬಾಕಿ ಅದನ್ನ ನೋಡಿ, ಬ್ಯಾನಿ ತಿನ್ಕೋತನ ಎದ್ದು ಮನಿಗೆ ಹೋದ್ಲಂತ.”

“ಆಮ್ಯಾಲ?”

“ಗೊತ್ತಿಲ್ಲ. ನರ್ಸಮ್ಮ ಫೋನ್ ಎತ್ತವಲ್ರು.”

“ಮೊದ್ಲು ಹೋಗಿ ಅದ್ರಾಗ ಒಂದು ಕೂಸು ಬರದುಬಿಡು.”

“ಮಲಗಿದ ಕೂಸು ಬರೀಲೇನು?”

“ಬ್ಯಾಡ ಮಾರಾಯ್ತಿ! ಕಣ್ಣು ಮುಚ್ಚಿದ್ರ ಮತ್ತೇನೇನೋ ಅಂದ್ಕೋತಾರ. ಕಣ್ಣು ತೆರದಿರ್ಲಿ.”

“ಆತು, ಇವತ್ತ ಹೋಗಿ ಬರೀತೀನಿ, ಗುರು.”

ನಾರಾಯಣಪೇಟೆ ಬಸ್ಸು ಬಂತು. ಇಬ್ಬರೂ ಡಬ್ಬಿಗಳನ್ನು ಎತ್ತಿಕೊಂಡು ಓಡಿ ಹತ್ತಿದರು. ಸೊಸೆಯೂ ಚೀಲ ಹಿಡಿದು ಎದ್ದಳು. ತಿರುಪತಮ್ಮ ಅವಳ ಮುಂಗೈ ಹಿಡಿದು ಕೂರಿಸಿದಳು.

“ಮುಂದಿನ ಬಸ್ಸಿಗೆ ಹೋಗೂಣವ್ವ. ಆ ಕೂಸು ಮೊದ್ಲು ಕಣ್ಣು ಬಿಡ್ಲಿ.”